ಊಟದ ಮನೆ ಪ್ರಶ್ನೋತ್ತರ: ವಿಯೆಟ್ನಾಂ ಹೋಟೆಲಿನಲ್ಲಿ ಸಾರು ನೋಡಿ, ಸೊಪ್ಪು ನೋಡಿ

ಪ್ರಶ್ನೆ: ನಾನು ಕೋಲಾರದಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕಿ. ಬರುವ ತಿಂಗಳು ನಮ್ಮ ಯಜಮಾನರಿಗೆ ಅರವತ್ತು ತುಂಬುತ್ತದೆ. ಶಾಂತಿ, ಪೂಜೆಗಳನ್ನು ಮನೆಯಲ್ಲೇ ಮುಗಿಸಿಕೊಂಡು ಮರುದಿನ ಬೆಂಗಳೂರಿನಲ್ಲಿ ವಿಯೆಟ್ನಾಂ ಊಟ ಮಾಡೋಣವೆಂದು ಮಗಳು ಹಟ ಹಿಡಿದಿದ್ದಾಳೆ. ಅಳಿಯಂದಿರು ಕೆಲಸದ ಮೇಲೆ ಆ ದೇಶಕ್ಕೆ ಹೋಗಿ ಬಂದವರು. ಅಲ್ಲಿಯ ಊಟದ ಗುಂಗು ಅವರಿಗಿನ್ನೂ ಇಳಿದಿಲ್ಲ. ಆದರೆ ಬೆಂಗಳೂರಿನ ಯಾವ ಹೋಟೆಲಿನಲ್ಲಿ ಅದು ಸರಿಯಾಗಿ ಸಿಗುತ್ತದೆಂದು ಅವರಿಗೂ ತಿಳಿಯದು. ಯಜಮಾನರು ಮುದ್ದೆ, ಮಟನ್ ಸಾರಿನವರು. ದನದ ಮಾಂಸ ಮುಟ್ಟುವುದಿಲ್ಲ. ನಾನು ಕೋಳಿ, ಮೀನು ತಿನ್ನುತ್ತೇನೆ. ನಮ್ಮ ಅತ್ತೆಯವರು ದೀಕ್ಷೆ ಪಡೆದ ಮೇಲೆ ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು. ಇಷ್ಟು ಜನರನ್ನು ಕರೆದುಕೊಂಡು ಹೋಗಿ ಕೂರಿಸಬಹುದಾದ ಒಳ್ಳೆಯ ಹೋಟೆಲನ್ನು ಗುರುತಿಸುವುದು ಹೇಗೆ?

ಉತ್ತರ: ಹೋಟೆಲಿನ ಹೆಸರನ್ನು ಕೇಳದೆ ಗುರುತಿಸುವ ಬಗೆಯನ್ನು ಕೇಳಿದ್ದೀರಿ, ಇದು ಪಾಠ ಹೇಳಿದವರ ಪ್ರಶ್ನೆಯೆಂದು ಅದರಲ್ಲೇ ಗೊತ್ತಾಗುತ್ತದೆ. ಹೆಸರು ಹೇಳಲು ನನಗೂ ಧೈರ್ಯವಿಲ್ಲ. ಬಾಣಸಿಗರು ಕೆಲಸ ಬಿಟ್ಟು ಹೋದ ಮರುವಾರವೇ ರುಚಿ ಕೆಟ್ಟ ಅಡುಗೆಮನೆಗಳನ್ನು ಬೆಂಗಳೂರಿನಲ್ಲಿ ಕಂಡಿದ್ದೇನೆ. ನಾನು ಹೊಗಳಿದ ಹೋಟೆಲು ಈ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಬಾಗಿಲು ಹಾಕಿಕೊಂಡಿದ್ದರೂ ಆಶ್ಚರ್ಯವಿಲ್ಲ. ಆದರೆ ಕೋಲಾರದ ಮಟನ್ ಹೋಟೆಲುಗಳನ್ನು ನಿಮ್ಮ ಯಜಮಾನರು ಯಾವ ಕಣ್ಣಿನಿಂದ ಅಳೆಯುತ್ತಾರೋ ಆ ಕಣ್ಣು ಅಲ್ಲಿಯೂ ಸಾಕು. ಹೊಸ ಹೋಟೆಲಿಗೆ ಹೋದಾಗ ಅವರು ಬಿರಿಯಾನಿಗೆ ಕೈಹಾಕುವ ಮೊದಲು ಬರಿಯ ಸಾರನ್ನು ಒಂದು ಗುಟುಕು ಕುಡಿದು ನೋಡುತ್ತಾರಲ್ಲವೇ? ವಿಯೆಟ್ನಾಂ ಅಡುಗೆಯಲ್ಲಿಯೂ ಬಣ್ಣ ಬಳಿದು ಮುಚ್ಚಿಡಲಾಗದ ಪದಾರ್ಥಗಳು ಎರಡು: ಒಂದು ಸಾರು, ಇನ್ನೊಂದು ಹಸಿ ಸೊಪ್ಪಿನ ತಟ್ಟೆ.

ಸಾರು ಎಂದರೆ ಇಲ್ಲಿ ಫೋ. ಬರೆಯುವುದು ಹೀಗಾದರೂ ಉಚ್ಚಾರ ‘ಫ’ ಎಂಬುದಕ್ಕೆ ಹತ್ತಿರ, ಪ್ರಶ್ನೆ ಕೇಳುವಾಗಿನಂತೆ ದನಿ ಸ್ವಲ್ಪ ಇಳಿದು ಏರಬೇಕು. ಹಾಗೆ ಹೇಳಿ ಅಳಿಯಂದಿರನ್ನು ಬೆರಗುಗೊಳಿಸಬಹುದು. ಅಕ್ಕಿಯ ಚಪ್ಪಟೆ ಶ್ಯಾವಿಗೆ, ಮೇಲೆ ತೆಳ್ಳಗೆ ಹೆಚ್ಚಿದ ಮಾಂಸ, ಅದರ ಮೇಲೆ ಸುಡುಸುಡುವ ಸಾರು, ಇಷ್ಟೇ ಅದರ ಸ್ವರೂಪ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಉತ್ತರದ ಹನೋಯ್ ಸುತ್ತಮುತ್ತ ರೂಪುಗೊಂಡ ಈ ಊಟ, 1954ರಲ್ಲಿ ದೇಶ ಎರಡಾಗಿ ಲಕ್ಷಾಂತರ ಮಂದಿ ಉತ್ತರದಿಂದ ದಕ್ಷಿಣಕ್ಕೆ ಗುಳೆ ಹೋದಾಗ ಅವರೊಂದಿಗೆ ಹೋಗಿ ಸೈಗಾನಿನಲ್ಲಿ ಬೇರುಬಿಟ್ಟಿತು. 1975ರ ಬಳಿಕ ನಿರಾಶ್ರಿತರೊಂದಿಗೆ ಅಮೆರಿಕ, ಆಸ್ಟ್ರೇಲಿಯಗಳಿಗೂ ಹರಡಿತು. ಉತ್ತರದವರು ಅದನ್ನು ಸರಳವಾಗಿಡುತ್ತಾರೆ, ಮೇಲೆ ಒಂದಿಷ್ಟು ಈರುಳ್ಳಿ ಸೊಪ್ಪು ಉದುರಿಸಿದರೆ ಮುಗಿಯಿತು. ದಕ್ಷಿಣದವರು ಬೋಗುಣಿಯ ಪಕ್ಕದಲ್ಲಿ ಹಸಿ ಸೊಪ್ಪು, ಹೆಸರುಕಾಳಿನ ಉದ್ದ ಮೊಳಕೆ, ನಿಂಬೆಹೋಳು, ಮೆಣಸಿನಕಾಯಿಗಳ ಒಂದು ತಟ್ಟೆಯನ್ನೇ ಇಡುತ್ತಾರೆ.

ಒಳ್ಳೆಯ ಫೋ ಸಾರಿನ ಲಕ್ಷಣ, ನಮ್ಮ ಕಾಲು ಸೂಪಿಗೆ ತದ್ವಿರುದ್ಧ. ಕಾಲು ಸೂಪು ಮಂದವಾಗಿ, ಮೆಣಸಿನ ಘಾಟಿನಿಂದ ಗಂಟಲಿಗೆ ಹತ್ತಬೇಕು. ಫೋ ಸಾರು ತಿಳಿಯಾಗಿ, ಬೋಗುಣಿಯ ತಳದ ಶ್ಯಾವಿಗೆ ಕಾಣುವಂತಿರಬೇಕು. ಈ ತಿಳಿತನ ಸುಮ್ಮನೆ ಬರುವುದಿಲ್ಲ. ಮೂಳೆಗಳನ್ನು ಮೊದಲು ಒಂದು ಕುದಿ ಕುದಿಸಿ ಆ ನೀರನ್ನು ಚೆಲ್ಲಬೇಕು, ತೊಳೆದು ಹೊಸ ನೀರಿಗೆ ಹಾಕಬೇಕು, ಆಮೇಲೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡಬೇಕು. ಉರಿ ಜೋರು ಮಾಡಿದರೆ ಕೊಬ್ಬು ನೀರಿನೊಳಗೆ ಕಡೆದುಕೊಂಡು ಸಾರು ಕಲಗಚ್ಚಿನಂತಾಗುತ್ತದೆ. ಈರುಳ್ಳಿ ಮತ್ತು ಶುಂಠಿಯನ್ನು, ನಾವು ಗೊಜ್ಜಿಗೆ ಬದನೆಕಾಯಿ ಸುಡುವಂತೆ, ಸಿಪ್ಪೆ ಕಪ್ಪಾಗುವವರೆಗೆ ಬೆಂಕಿಯ ಮೇಲೆ ಸುಟ್ಟು ಹಾಕುತ್ತಾರೆ. ಚಕ್ರಮೊಗ್ಗು, ಚಕ್ಕೆ, ಲವಂಗ, ಕೊತ್ತಂಬರಿ ಬೀಜ, ದೊಡ್ಡ ಏಲಕ್ಕಿ ಎಲ್ಲವೂ ನಮ್ಮ ಡಬ್ಬದಲ್ಲಿರುವ ಸಾಮಾನೇ. ಆದರೆ ಅವರು ಅವನ್ನು ಅರೆಯುವುದಿಲ್ಲ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟು ಪರಿಮಳ ಬಿಟ್ಟ ಮೇಲೆ ತೆಗೆದುಬಿಡುತ್ತಾರೆ.

ಆದ್ದರಿಂದ ಬೋಗುಣಿ ಬಂದ ಕೂಡಲೇ ನಿಂಬೆ ಹಿಂಡಬೇಡಿ, ಬಾಟಲಿಗಳ ಸಾಸು ಸುರಿಯಬೇಡಿ. ಮೊದಲು ಆವಿಯನ್ನು ಮೂಸಿ ನೋಡಿ, ಚಕ್ರಮೊಗ್ಗು ದೂರದಿಂದ ಬಂದಂತಿರಬೇಕೇ ಹೊರತು ಗರಂ ಮಸಾಲೆಯ ಪೊಟ್ಟಣ ಬಿಚ್ಚಿದಂತಿರಬಾರದು. ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಎಣ್ಣೆಯ ಕಣ್ಣುಗಳು ತೇಲುತ್ತಿದ್ದರೆ ಒಳ್ಳೆಯದು. ಎರಡು ಚಮಚ ಬರಿಯ ಸಾರು ಕುಡಿದು ತುಟಿಗಳನ್ನು ಒಂದಕ್ಕೊಂದು ಒತ್ತಿ ನೋಡಿ. ಮೂಳೆ ನಿಜವಾಗಿ ಬೆಂದಿದ್ದರೆ ತುಟಿ ಸ್ವಲ್ಪ ಅಂಟುತ್ತದೆ. ಅಂಟದೆ, ಬರಿಯ ಉಪ್ಪು ಮತ್ತು ಅಜಿನೊಮೊಟೊದ ರುಚಿ ನಾಲಿಗೆಯ ಮೇಲೆ ಉಳಿದರೆ ಅದು ಪುಡಿ ಕರಗಿಸಿದ ನೀರು. ಅಜಿನೊಮೊಟೊ ಇದ್ದ ಮಾತ್ರಕ್ಕೆ ಹೋಟೆಲು ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ವಿಯೆಟ್ನಾಮಿನಲ್ಲಿಯೇ ಅದರ ಬಳಕೆ ಧಾರಾಳವಾಗಿದೆ. ಅದೊಂದೇ ಇರುವುದು ಕೆಟ್ಟದ್ದು.

ನನಗೇ ಆದದ್ದನ್ನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ, ಛಾವಣಿಗೆ ಬಿದಿರಿನ ಟೋಪಿಗಳನ್ನು ನೇತುಹಾಕಿ ಗೋಡೆಗೆಲ್ಲ ತಾವರೆ ಬಿಡಿಸಿದ್ದ ಜಾಗದಲ್ಲಿ, ಕೋಳಿಯ ಫೋ ತರಿಸಿದೆ. ಬಂದದ್ದು ಜೋಳದ ಹಿಟ್ಟು ಕದಡಿದ ಕಂದು ಬಣ್ಣದ ದ್ರವ. ಅದರೊಳಗೆ ಕ್ಯಾಪ್ಸಿಕಂ, ಬೇಬಿ ಕಾರ್ನ್, ಒಂದಕ್ಕೊಂದು ಅಂಟಿಕೊಂಡು ಹೋಗಿದ್ದ ಶ್ಯಾವಿಗೆ. ನಮ್ಮ ಬಸ್ ನಿಲ್ದಾಣದ ಎದುರಿನ ಗಾಡಿಯಲ್ಲಿ ಸಿಗುವ ಮಂಚೌ ಸೂಪಿಗೆ ನೂಡಲ್ಸ್ ಬೆರೆಸಿದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು. ಬಡಿಸುವ ಹುಡುಗನನ್ನು ಕೇಳಿದಾಗ, ಪಾಪ, ಅಡುಗೆಯವರು ರಜೆಯಲ್ಲಿದ್ದಾರೆ ಸರ್ ಎಂದ. ಅಂದಿನಿಂದ ಗೋಡೆಯ ಅಲಂಕಾರವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಶ್ಯಾವಿಗೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಒತ್ತು ಶ್ಯಾವಿಗೆಯನ್ನು ಬಿಸಿಯಲ್ಲಿ ತಿನ್ನುವುದಕ್ಕೂ ಬೆಳಗ್ಗೆ ಒತ್ತಿದ್ದನ್ನು ಸಂಜೆ ತಿನ್ನುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುತ್ತದೆ. ಪ್ರತಿ ಬೋಗುಣಿಗೂ ಆಗಿಂದಾಗ ಬಿಸಿನೀರಿನಲ್ಲಿ ಅದ್ದಿ ತೆಗೆದ ಎಳೆ ಬಿಡಿಬಿಡಿಯಾಗಿ ಜಾರುತ್ತದೆ; ಬೇಯಿಸಿಟ್ಟ ಎಳೆ ಮುದ್ದೆಯಾಗಿ ಚಮಚ ತಾಗಿದರೆ ತುಂಡಾಗುತ್ತದೆ.

ಇನ್ನು ಸೊಪ್ಪಿನ ತಟ್ಟೆ. ಸಾರಿನಲ್ಲಿ ಅಷ್ಟಿಷ್ಟು ಮೋಸ ಮಾಡಬಹುದು, ಸೊಪ್ಪಿನಲ್ಲಿ ಸಾಧ್ಯವೇ ಇಲ್ಲ. ನಮ್ಮ ಜಿಲ್ಲೆಯವರಿಗೆ ಕೊತ್ತಂಬರಿ ಕಟ್ಟಿನ ಬುಡ ನೋಡಿ ಯಾವಾಗ ಕಿತ್ತದ್ದೆಂದು ಹೇಳುವಷ್ಟು ಅನುಭವವಿದೆ, ಅದನ್ನೇ ಅಲ್ಲಿ ಬಳಸಿ. ಪುದೀನ, ಕೊತ್ತಂಬರಿ, ಲೆಟಿಸ್ ಎಲೆ, ಇವುಗಳ ಜೊತೆಗೆ ಕಾಮಕಸ್ತೂರಿಯ ಜಾತಿಗೆ ಸೇರಿದ, ನೇರಳೆ ಕಾಂಡದ, ಸೋಂಪಿನ ವಾಸನೆಯ ಒಂದು ಸೊಪ್ಪು ಇರಲೇಬೇಕು. ಎಲೆಗಳು ನೆಟ್ಟಗೆ ನಿಂತು, ಚಿವುಟಿದರೆ ಪರಿಮಳ ಬೆರಳಿಗೆ ಹತ್ತಬೇಕು. ಕಪ್ಪಾದ ಅಂಚು, ಜೋತು ಬಿದ್ದ ದಂಟು, ಕಂದಿದ ಮೊಳಕೆ ಕಂಡರೆ ಆ ಅಡುಗೆಮನೆಯಲ್ಲಿ ಉಳಿದ ಪದಾರ್ಥಗಳೂ ಹಾಗೆಯೇ ಇರುತ್ತವೆ. (ಚಿಕ್ಕಬಳ್ಳಾಪುರ, ಕೋಲಾರಗಳ ಹೊಲದಿಂದ ನಸುಕಿನಲ್ಲಿ ಹೊರಟ ಸೊಪ್ಪು ಬೆಂಗಳೂರಿನ ಫ್ರಿಜ್ಜಿನಲ್ಲಿ ಮೂರು ದಿನ ಕೊಳೆತು, ಕೊನೆಗೆ ಕೋಲಾರದಿಂದ ಹೋದವರ ತಟ್ಟೆಗೇ ಬಂದು ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ.)

ಸೊಪ್ಪಿನ ಜೊತೆಗೇ ಪರೀಕ್ಷಿಸಬೇಕಾದದ್ದು ಗೋಯ್ ಕುವೋನ್ ಎಂಬ ಹಸಿ ಸುರುಳಿ. ಅಕ್ಕಿ ಹಿಟ್ಟನ್ನು ನೀರಾಗಿ ಕಲಸಿ, ಹಬೆಯ ಮೇಲಿನ ಬಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಯಿಸಿ, ಬಿದಿರಿನ ಚಾಪೆಯ ಮೇಲೆ ಒಣಗಿಸಿದ ಹಾಳೆ ಅದರ ಹೊದಿಕೆ. ನಮ್ಮ ಅಕ್ಕಿ ಹಪ್ಪಳದ ನೆಂಟನೆಂದೇ ತಿಳಿಯಿರಿ. ಒಣಗಿದ ಹಾಳೆಯನ್ನು ಬೆಳಕಿಗೆ ಹಿಡಿದರೆ ಚಾಪೆಯ ಹೆಣಿಗೆಯ ಗುರುತು ಕಾಣುತ್ತದೆ. ನೀರಿನಲ್ಲಿ ಕ್ಷಣ ಹೊತ್ತು ಅದ್ದಿ ಮೆತ್ತಗಾದ ಮೇಲೆ ಸಿಗಡಿ, ಶ್ಯಾವಿಗೆ, ಸೊಪ್ಪು ಇಟ್ಟು ಸುತ್ತುತ್ತಾರೆ. ಹೇಳಿದ ಮೇಲೆ ಸುತ್ತಿ ಕೊಟ್ಟ ಸುರುಳಿ ಹೊಳೆಯುತ್ತದೆ, ಒಳಗಿನ ಹಸಿರೂ ಸಿಗಡಿಯ ನಸುಗೆಂಪೂ ಹೊರಗೆ ಕಾಣುತ್ತವೆ. ಮಧ್ಯಾಹ್ನಕ್ಕೇ ಸುತ್ತಿ ಫ್ರಿಜ್ಜಿನಲ್ಲಿಟ್ಟದ್ದು ಅಂಚಿನಲ್ಲಿ ಬಿರುಸಾಗಿ ಚರ್ಮದಂತೆ ಎಳೆಯುತ್ತದೆ.

ಈಗ ನಿಮ್ಮ ಮನೆಯವರ ವಿಚಾರ. ಬರಿಯ ‘ಫೋ’ ಎಂದರೆ ಸಾಮಾನ್ಯವಾಗಿ ದನದ ಮಾಂಸದ್ದು, ಅದು ಫೋ ಬೋ. ಕೋಳಿಯದು ಫೋ ಗಾ. ಯಜಮಾನರಿಗೆ ಕೋಳಿ ತರಿಸುವಾಗ ಮೇಲಿನ ಮಾಂಸವನ್ನು ಮಾತ್ರ ಕೇಳಿದರೆ ಸಾಲದು, ಸಾರು ಯಾವ ಮೂಳೆಯದೆಂದು ಕೇಳಬೇಕು. ಒಂದೇ ಹಂಡೆಯ ಸಾರಿಗೆ ಬೇರೆ ಬೇರೆ ಮಾಂಸ ಇಟ್ಟು ಕೊಡುವ ಅಡುಗೆಮನೆಗಳಿವೆ. ನೇರವಾಗಿ ಕೇಳಿದರೆ ಒಳ್ಳೆಯ ಹೋಟೆಲಿನವರು ನೇರವಾಗಿ ಹೇಳುತ್ತಾರೆ. ಒಳಗೆ ವಿಚಾರಿಸಿ ಬರುತ್ತೇನೆ ಎಂದು ಹೋದವರು ಹಿಂದಿರುಗದಿದ್ದರೆ ಅದೂ ಒಂದು ಉತ್ತರವೇ.

ಅತ್ತೆಯವರ ಊಟಕ್ಕೆ ಹೆಚ್ಚು ಎಚ್ಚರ ಬೇಕು. ವಿಯೆಟ್ನಾಂ ಅಡುಗೆಗೆ ಉಪ್ಪಿನಷ್ಟೇ ಮುಖ್ಯವಾದದ್ದು ನುವೋಕ್ ಮಾಮ್, ಎಂದರೆ ಸಣ್ಣ ಮೀನುಗಳಿಗೆ ಉಪ್ಪು ಬೆರೆಸಿ ಮರದ ಪೀಪಾಯಿಗಳಲ್ಲಿ ಸುಮಾರು ವರ್ಷದವರೆಗೆ ಮಾಗಿಸಿ ಇಳಿಸಿದ ರಸ. ಫೂ ಕ್ವೋಕ್ ದ್ವೀಪದ್ದು ಅದರಲ್ಲಿ ಹೆಸರುವಾಸಿ. ತರಕಾರಿ ಪಲ್ಯದಲ್ಲಿಯೂ, ಸುರುಳಿಗೆ ನಂಚಿಕೊಳ್ಳಲು ಕೊಡುವ ನಿಂಬೆ, ಸಕ್ಕರೆ, ಮೆಣಸಿನಕಾಯಿಯ ರಸದಲ್ಲಿಯೂ ಅದು ಇರುತ್ತದೆ, ಆದ್ದರಿಂದ ಪಟ್ಟಿಯಲ್ಲಿ ಹಸಿರು ಚುಕ್ಕೆ ಇದೆಯೆಂದು ಸುಮ್ಮನಾಗದೆ ಸಾರು, ನಂಚಿಕೆ, ಪಲ್ಯ ಮೂರನ್ನೂ ಬಿಡಿಬಿಡಿಯಾಗಿ ವಿಚಾರಿಸಿ. ಆ ದೇಶದಲ್ಲಿ ಸಸ್ಯಾಹಾರವೇನೂ ಅಪರೂಪವಲ್ಲ. ಬೌದ್ಧರಲ್ಲಿ ಅನೇಕರು ಚಾಂದ್ರಮಾನದ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಮಾಂಸ ಬಿಡುತ್ತಾರೆ. ಆ ಊಟಕ್ಕೆ ಚಾಯ್ ಎಂದು ಹೆಸರು. ನಮ್ಮ ಚಹಾಕ್ಕೂ ಅದಕ್ಕೂ ಸಂಬಂಧವಿಲ್ಲ. ಕಟ್ಟುನಿಟ್ಟಾದ ಬೌದ್ಧ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧವೆಂದು ಹೇಳಿದರೆ ಅತ್ತೆಯವರಿಗೆ ಆ ದೇಶದ ಮೇಲೆ ಗೌರವ ಮೂಡೀತು. ಆದರೆ ಬೆಂಗಳೂರಿನ ಹೋಟೆಲಿನ ಸಸ್ಯಾಹಾರಿ ಫೋ ಸಾರಿಗೆ ಮೂಲಂಗಿ, ಕ್ಯಾರೆಟ್, ಅಣಬೆಗಳ ಜೊತೆ ಸುಟ್ಟ ಈರುಳ್ಳಿ ಬಿದ್ದಿರುವುದೇ ಹೆಚ್ಚು. ಅವರಿಗೆ ಫೋ ಬೇಡ. ಮೊದಲೇ ಫೋನು ಮಾಡಿ ತೋಫು, ಸೊಪ್ಪು, ಸೌತೆಕಾಯಿ ಇಟ್ಟ ಸುರುಳಿಯನ್ನು ಬೇರೆಯಾಗಿ ಸುತ್ತಿಸಿ, ಜೊತೆಗೆ ಬೆಳ್ಳುಳ್ಳಿಯಿಲ್ಲದ ಕಡಲೆಕಾಯಿ ಬೀಜದ ನಂಚಿಕೆ ಆಗುವುದೇ ಎಂದು ಕೇಳಿ. ಆಗದೆಂದರೆ ಬುತ್ತಿ ಕಟ್ಟಿಕೊಂಡು ಹೋಗಲು ಅನುಮತಿ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಯಜಮಾನರು ಎರಡನೆಯ ಗುಟುಕಿಗೇ ‘ಖಾರ ಎಲ್ಲಿ?’ ಎಂದು ಕೇಳುತ್ತಾರೆಂಬುದು ಖಚಿತ. ಅಲ್ಲಿ ಖಾರ ಪಕ್ಕದ ಬಟ್ಟಲಿನಲ್ಲಿ ಹೆಚ್ಚಿಟ್ಟ ಸಣ್ಣ ಮೆಣಸಿನಕಾಯಿಯಲ್ಲಿರುತ್ತದೆ, ಬೇಕಾದವರು ಹಾಕಿಕೊಳ್ಳಬೇಕು. ಅವರಿಗೆ ಬಾನ್ ಸಿಯೋ ತರಿಸಿ ನೋಡಿ. ಅಕ್ಕಿ ಹಿಟ್ಟಿಗೆ ಅರಿಶಿನ, ತೆಂಗಿನ ಹಾಲು ಬೆರೆಸಿ ಕಾದ ಬಾಣಲೆಗೆ ಹುಯ್ಯುವ ದೋಸೆ ಅದು, ಹುಯ್ದಾಗ ಆಗುವ ಚುಂಯ್ ಸದ್ದೇ ‘ಸಿಯೋ’. ಹಿಟ್ಟನ್ನು ಹುಳಿಯಿಸುವುದಿಲ್ಲ. ಒಳಗೆ ಸಾಮಾನ್ಯವಾಗಿ ಹಂದಿ ಮಾಂಸ ಮತ್ತು ಸಿಗಡಿ ಇರುವುದರಿಂದ ಬೇಡವಾದದ್ದನ್ನು ಮೊದಲೇ ಹೇಳಿ. ಅದನ್ನು ಮುರಿದು, ಲೆಟಿಸ್ ಎಲೆಯಲ್ಲಿ ಸೊಪ್ಪಿನೊಂದಿಗೆ ಸುತ್ತಿ, ರಸಕ್ಕೆ ಅದ್ದಿ ಕೈಯಲ್ಲೇ ತಿನ್ನುವುದು ರೂಢಿ. ಮುಳಬಾಗಿಲು ದೋಸೆಯ ಅಂಚನ್ನು ಮುರಿದು ನೋಡಿ ಬೆಳೆದವರಿಗೆ, ಬಾಣಲೆ ಸರಿಯಾಗಿ ಕಾದಿತ್ತೋ ಇಲ್ಲವೋ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೋಟೆಲು ಹುಡುಕುವಾಗ ಮಗಳಿಗೆ ಒಂದು ಮಾತು ತಿಳಿಸಿ. ನಮ್ಮ ಹೆದ್ದಾರಿಯ ಬದಿಯಲ್ಲಿ ‘ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್’ ಎಂದು ಒಂದೇ ಬೋರ್ಡಿನಲ್ಲಿ ಬರೆದಿದ್ದರೆ ನಾವು ಕಾಫಿ ಕುಡಿದು ಮುಂದೆ ಹೋಗುತ್ತೇವೆ. ಜಪಾನಿನ ಸೂಶಿ, ಥಾಯ್ ಕರಿ, ಟಿಬೆಟಿನ ಮೋಮೊಗಳ ನಡುವೆ ಎರಡು ಸಾಲು ವಿಯೆಟ್ನಾಂ ಇರುವ ಪಟ್ಟಿಗೂ ಅದೇ ನ್ಯಾಯ. ಅಂತರ್ಜಾಲದಲ್ಲಿ ನಕ್ಷತ್ರಗಳ ಎಣಿಕೆಗಿಂತ, ಊಟ ಮಾಡಿದವರು ಹಾಕಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಲಿ. ಸಾರು ತಿಳಿಯಾಗಿದೆಯೇ, ಸೊಪ್ಪು ನಿಂತಿದೆಯೇ ಎಂಬುದು ಅದರಲ್ಲೇ ಕಾಣುತ್ತದೆ. ನಿಮ್ಮನ್ನು 70 ಕಿಲೋಮೀಟರಿನಷ್ಟು ದೂರ ಕರೆಸಿಕೊಳ್ಳುವ ಮೊದಲು ಮಗಳು ಅಳಿಯ ಇಬ್ಬರೇ ಒಂದು ದಿನ ಹೋಗಿ ಒಂದು ಬೋಗುಣಿ ಫೋ, ಒಂದು ತಟ್ಟೆ ಸುರುಳಿ ಮಾತ್ರ ತಿಂದು ಬರಲಿ. ಅಂದಿನ ಊಟಕ್ಕೆ ರಾತ್ರಿಗಿಂತ ಮಧ್ಯಾಹ್ನ ಬಾಗಿಲು ತೆರೆಯುವ ಹೊತ್ತು ಒಳ್ಳೆಯದು, ವಿಯೆಟ್ನಾಮಿನ ಊರುಗಳಲ್ಲಿ ಫೋ ಮೊದಲಿಗೆ ಬೆಳಗಿನ ತಿಂಡಿಯೇ. ಕಡ್ಡಿಗಳಲ್ಲಿ ತಿನ್ನಲು ಬಾರದಿದ್ದರೆ ಫೋರ್ಕು ಕೇಳಿ ಪಡೆಯಿರಿ.

ಪ್ರಶ್ನೆ: ಬೆಂಗಳೂರಿನ ಹೋಟೆಲೊಂದರಲ್ಲಿ ಬಾನ್ ಮೀ ಎಂಬ ಸ್ಯಾಂಡ್‌ವಿಚ್ಚಿಗೆ ನಾನು ಮತ್ತು ಸ್ನೇಹಿತ ತಲಾ 350 ರೂಪಾಯಿ ಕೊಟ್ಟೆವು. ಬ್ರೆಡ್ಡು ಅಗಿದು ಅಗಿದು ದವಡೆ ನೋಯಿತು. ಇದು ಹೀಗೆಯೇ ಇರುತ್ತದೆಯೇ? (ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಉತ್ತರ: ಇರಬಾರದು. ಫ್ರೆಂಚರ ಆಳ್ವಿಕೆಯಲ್ಲಿ ಬಂದ ಉದ್ದ ಬ್ರೆಡ್ಡನ್ನು ವಿಯೆಟ್ನಾಮಿನವರು ಗಿಡ್ಡವಾಗಿಸಿ, ಹಗುರವಾಗಿಸಿ ತಮ್ಮದಾಗಿಸಿಕೊಂಡರು. ಮೇಲಿನ ಪದರ ತೆಳ್ಳಗಿದ್ದು ಕಚ್ಚಿದರೆ ಪುಡಿಯಾಗಿ ಅಂಗಿಯ ಮೇಲೆಲ್ಲ ಉದುರಬೇಕು, ಒಳಗೆ ಹತ್ತಿಯಂತಿರಬೇಕು. ನಿಮಗೆ ಕೊಟ್ಟದ್ದು ಬಹುಶಃ ಹಿಂದಿನ ದಿನದ ಬ್ರೆಡ್ಡು. ವಿನೆಗರು, ಸಕ್ಕರೆಯಲ್ಲಿ ನೆನೆಸಿದ ಕ್ಯಾರೆಟ್ ಮತ್ತು ಬಿಳಿ ಮೂಲಂಗಿಯ ಎಳೆ, ಸೌತೆಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಇವು ಇಲ್ಲದಿದ್ದರೆ ಅದನ್ನು ಬಾನ್ ಮೀ ಎಂದು ಕರೆಯುವುದರಲ್ಲಿ ಅರ್ಥವಿಲ್ಲ. ಸಾಂಪ್ರದಾಯಿಕವಾದದ್ದಕ್ಕೆ ಒಳಗೆ ಸವರುವ ಪೇಸ್ಟು ಹೆಚ್ಚಾಗಿ ಹಂದಿಯ ಯಕೃತ್ತಿನದು, ತಿನ್ನದವರು ಕೋಳಿ ಅಥವಾ ತೋಫು ಎಂದು ಹೇಳುವಾಗ ಅದನ್ನೂ ಬೇಡವೆನ್ನಬೇಕು. ಅಲ್ಲಿ ಅದು ಬೀದಿಯ ತಿಂಡಿ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಇದ್ದಂತೆ. ಬೆಲೆಯ ಬಗ್ಗೆ ನಿಮ್ಮ ಅಸಮಾಧಾನದಲ್ಲಿ ನಾನೂ ಪಾಲುದಾರ.

ಪ್ರಶ್ನೆ: ನಮ್ಮ ಫಿಲ್ಟರ್ ಕಾಫಿ ಇರುವಾಗ ವಿಯೆಟ್ನಾಂ ಕಾಫಿಗೆ ಏಕೆ ಅಷ್ಟು ಹಣ ಕೊಡಬೇಕು? (ರೇಷ್ಮೆ ವ್ಯಾಪಾರಿ, ಶಿಡ್ಲಘಟ್ಟ)

ಉತ್ತರ: ಕೊಡಲೇಬೇಕೆಂದೇನೂ ಇಲ್ಲ, ಒಮ್ಮೆ ಕುಡಿದು ನೋಡಲು ಅಡ್ಡಿಯಿಲ್ಲ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ಅದರಲ್ಲಿ ಬಹುಪಾಲು ರೊಬಸ್ಟಾ. ಕಪ್ಪಾಗುವಷ್ಟು ಹುರಿದ ಪುಡಿಯನ್ನು ಫಿನ್ ಎಂಬ ಒಂದೇ ಲೋಟದ ಪುಟ್ಟ ಫಿಲ್ಟರಿನಲ್ಲಿ ಹಾಕಿ, ಲೋಟದ ತಳದಲ್ಲಿರುವ ಗಟ್ಟಿ ಸಿಹಿ ಹಾಲಿನ ಮೇಲೆ ತೊಟ್ಟುತೊಟ್ಟಾಗಿ ಇಳಿಸುತ್ತಾರೆ. ಹಸಿ ಹಾಲು ಸುಲಭವಾಗಿ ಸಿಗದ ಕಾಲದಲ್ಲಿ ಡಬ್ಬಿ ಹಾಲಿನ ರೂಢಿ ಬಂತು. ಹಾಲಿಗೆ ಬರವಿಲ್ಲದ ನಮ್ಮ ಜಿಲ್ಲೆಗಳವರಿಗೆ ಅದು ಪಾಯಸದಷ್ಟು ಸಿಹಿಯೆನಿಸಬಹುದು. ಫಿಲ್ಟರು ನಿಮ್ಮ ಮೇಜಿಗೇ ಬಂದು ಕಣ್ಣೆದುರಿಗೆ ತೊಟ್ಟಿಕ್ಕಿದರೆ ಹಣ ಕೊಡಿ. ಲೋಟದಲ್ಲಿ ಆಗಲೇ ಕಲಸಿದ್ದು ಬಂದರೆ ಅದು ತಣ್ಣನೆಯ ಸಿಹಿ ಕಾಫಿ, ಅಷ್ಟೇ. ಪುಡಿ ಕೊಡಗಿನ ರೊಬಸ್ಟಾ ಆಗಿದ್ದರೂ ನನ್ನ ತಕರಾರಿಲ್ಲ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದ ಬಳಿ ಅರ್ಧ ಎಕರೆಯಲ್ಲಿ ಕೊತ್ತಂಬರಿ, ಪುದೀನ ಬೆಳೆಯುತ್ತೇನೆ. ಬೆಂಗಳೂರಿನ ಇಂಥ ಹೋಟೆಲುಗಳಿಗೆ ಯಾವ ಸೊಪ್ಪು ಬೇಕಾಗುತ್ತದೆ? (ಒಬ್ಬ ರೈತರು)

ಉತ್ತರ: ಪುದೀನ, ಕೊತ್ತಂಬರಿಯ ಜೊತೆಗೆ ಮೇಲೆ ಹೇಳಿದ ನೇರಳೆ ಕಾಂಡದ ಕಾಮಕಸ್ತೂರಿ, ಮಜ್ಜಿಗೆ ಹುಲ್ಲು, ಅಂಚಿನಲ್ಲಿ ಗರಗಸದಂತೆ ಹಲ್ಲಿರುವ ಉದ್ದ ಎಲೆಯ ಕೊತ್ತಂಬರಿ, ಇವಕ್ಕೆ ಕೇಳುಗರಿದ್ದಾರೆ. ಉದ್ದ ಎಲೆಯದು ನೆರಳಿನಲ್ಲಿ ಚೆನ್ನಾಗಿ ಬರುತ್ತದೆ. ಕಾಮಕಸ್ತೂರಿಯ ಹೂ ಚಿವುಟುತ್ತಿದ್ದರೆ ಎಲೆ ಹೆಚ್ಚು. ಒಮ್ಮೆಗೇ ಅರ್ಧ ಎಕರೆಯನ್ನೂ ಒಡ್ಡಬೇಡಿ, ಎರಡು ಮಡಿಯಲ್ಲಿ ಬೆಳೆದು ಮಾದರಿ ಕೊಟ್ಟು ನೋಡಿ. ಯಾವ ಹೋಟೆಲಿನವರು ದಿನವೂ ಒಂದೊಂದು ಕಿಲೋ ಒಯ್ಯುತ್ತಾರೆ, ಯಾರು ವಾರಕ್ಕೊಮ್ಮೆ ಮೂಟೆಗಟ್ಟಲೆ ಒಯ್ಯುತ್ತಾರೆ ಎಂಬುದು ನಿಮಗೆ ಬೇಗನೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ನನಗೊಂದು ಕಾಗದ ಬರೆಯಿರಿ, ಕೋಲಾರದ ಶಿಕ್ಷಕಿಯವರಿಗೆ ತಲುಪಿಸುತ್ತೇನೆ.